ಸೊಂಟದ ಡಿಸ್ಕ್: ಚಿತ್ರ ಹೇಳುವುದೆಷ್ಟು, ಕಾಲು ಹೇಳುವುದೆಷ್ಟು

ಸೊಂಟದಲ್ಲಿ ಹುಟ್ಟಿ, ಪೃಷ್ಠ, ತೊಡೆಯ ಹಿಂಭಾಗ ಮತ್ತು ಮೀನಖಂಡಗಳನ್ನು ದಾಟಿ ಪಾದದವರೆಗೆ ಇಳಿಯುವ ನೋವನ್ನು ವೈದ್ಯರು ಬಲು ಹಿಂದೆಯೇ ಗುರುತಿಸಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬರುವ ವಾತವ್ಯಾಧಿಯ ಅಧ್ಯಾಯವು ಇದನ್ನು ಗೃಧ್ರಸೀ ಎಂದು ಕರೆದು, ನೋವು ಮೇಲಿನಿಂದ ಕೆಳಕ್ಕೆ ಯಾವ ಕ್ರಮದಲ್ಲಿ ಇಳಿಯುತ್ತದೆಂಬುದನ್ನು ಒಂದೊಂದು ಅಂಗದ ಹೆಸರು ಹಿಡಿದು ಹೇಳುತ್ತದೆ. ಇಟಲಿಯ ನೇಪಲ್ಸ್ ನಗರದ ವೈದ್ಯ ಡೊಮೆನಿಕೊ ಕೊಟುನ್ಯೊ 1764ರಲ್ಲಿ ಬರೆದ ಗ್ರಂಥದಲ್ಲಿ, ಕೀಲಿನಿಂದ ಹುಟ್ಟುವ ಸೊಂಟನೋವು ಬೇರೆ, ನರದಿಂದ ಹುಟ್ಟುವ ಈ ನೋವು ಬೇರೆ ಎಂದು ವಿಂಗಡಿಸಿದ. ಆದರೆ ಆ ನರವನ್ನು ಕೆರಳಿಸುವುದು ಯಾವುದು ಎಂಬುದು ಖಚಿತವಾಗಿ ತಿಳಿದದ್ದು 1934ರಲ್ಲಿ. ಅಮೆರಿಕದ ಬೋಸ್ಟನ್‌ನ ಶಸ್ತ್ರವೈದ್ಯರಾದ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಅವರು, ಅದುವರೆಗೆ ಮೃದ್ವಸ್ಥಿಯ ಗೆಡ್ಡೆಗಳೆಂದು ಭಾವಿಸಿ ಬೆನ್ನಿನಿಂದ ತೆಗೆದಿರಿಸಿದ್ದ ಅಂಗಾಂಶದ ತುಣುಕುಗಳನ್ನು ಮತ್ತೆ ಪರೀಕ್ಷಿಸಿ, ಅವುಗಳಲ್ಲಿ ಹಲವು ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕಿನಿಂದ ಹೊರಬಂದ ಚೂರುಗಳೆಂದು ತೋರಿಸಿಕೊಟ್ಟರು. ಈ ಶೋಧದಿಂದ ಚಿಕಿತ್ಸೆಗೆ ದಾರಿ ತೆರೆಯಿತು; ಅದರ ಜೊತೆಗೇ, ಎಲ್ಲ ಸೊಂಟನೋವಿಗೂ ಡಿಸ್ಕನ್ನೇ ದೂರುವ ಅಭ್ಯಾಸವೂ ಬೆಳೆಯಿತು. ಈ ಎರಡನೆಯದು ಇಂದಿಗೂ ಬಿಟ್ಟುಹೋಗಿಲ್ಲ.

ಬೆನ್ನುಮೂಳೆಯ ಮಣಿಗಳ ನಡುವೆ ಒಟ್ಟು 23 ಡಿಸ್ಕುಗಳಿದ್ದು, ಸೊಂಟದ ಭಾಗದವು ಎಲ್ಲಕ್ಕಿಂತ ದಪ್ಪವಾಗಿ, ಸುಮಾರು ಒಂದು ಸೆಂಟಿಮೀಟರ್ ಎತ್ತರಕ್ಕೆ ಇರುತ್ತವೆ. ಪ್ರತಿ ಡಿಸ್ಕಿನ ನಡುವೆ ನೀರಿನ ಅಂಶ ಹೇರಳವಾಗಿರುವ, ಲೋಳೆಯಂಥ ತಿರುಳು. ಅದರ ಸುತ್ತ 15ರಿಂದ 25 ಪದರಗಳ ನಾರಿನ ಉಂಗುರ. ಒಂದು ಪದರದ ನಾರುಗಳು ಒಂದು ಕಡೆಗೆ ಓರೆಯಾಗಿದ್ದರೆ ಮುಂದಿನ ಪದರದವು ಅದಕ್ಕೆ ಎದುರಾಗಿ ಓರೆಯಾಗಿರುವುದರಿಂದ ಈ ಉಂಗುರ ಭಾರವನ್ನೂ ತಿರುಚನ್ನೂ ತಡೆದುಕೊಳ್ಳಬಲ್ಲದು. ಮೇಲಿನ ಮತ್ತು ಕೆಳಗಿನ ಮಣಿಗಳಿಗೆ ಡಿಸ್ಕ್ ಎಷ್ಟು ಭದ್ರವಾಗಿ ಬೆಸೆದುಕೊಂಡಿರುತ್ತದೆಂದರೆ, ಜನ ಅಂದುಕೊಳ್ಳುವ ಹಾಗೆ ಅದು ಇದ್ದ ಜಾಗದಿಂದ ಜಾರಿ ಪಕ್ಕಕ್ಕೆ ಬರುವಂತಿಲ್ಲ. ನಿಜವಾಗಿ ನಡೆಯುವುದು ಬೇರೆ: ಉಂಗುರದ ಹಿಂಭಾಗದ ಪದರಗಳು ವರ್ಷಗಳ ಕಾಲ ಸವೆದು ಬಿರುಕುಬಿಡುತ್ತವೆ, ಆ ಬಿರುಕಿನ ದಾರಿಯಲ್ಲಿ ಒಳಗಿನ ತಿರುಳು ಹಿಂದಕ್ಕೆ ನುಗ್ಗುತ್ತದೆ. ಉಂಗುರ ಒಡೆಯದೆ ಸುತ್ತಲೂ ಕೊಂಚ ಉಬ್ಬಿದ್ದರೆ ವರದಿಯಲ್ಲಿ ಬಲ್ಜ್ ಎಂದು, ಒಂದೆಡೆ ಮಾತ್ರ ಮುಂಚಾಚಿದ್ದರೆ ಪ್ರೊಟ್ರೂಷನ್ ಎಂದು, ತಿರುಳು ಉಂಗುರವನ್ನು ದಾಟಿ ಹೊರಬಂದಿದ್ದರೆ ಎಕ್ಸ್‌ಟ್ರೂಷನ್ ಎಂದು, ಹೊರಬಂದ ಚೂರು ಮೂಲದಿಂದ ಕಡಿದುಕೊಂಡು ಬೇರೆಯಾಗಿದ್ದರೆ ಸೀಕ್ವೆಸ್ಟ್ರೇಷನ್ ಎಂದು ಬರೆಯಲಾಗುತ್ತದೆ. ಈ ನಾಲ್ಕು ಮಾತುಗಳ ವ್ಯತ್ಯಾಸವನ್ನು ರೋಗಿ ತಿಳಿದಿರುವುದು ಒಳ್ಳೆಯದು, ಏಕೆಂದರೆ ಕೇಳಲು ಹೆಚ್ಚು ಭಯ ಹುಟ್ಟಿಸುವ ಹೆಸರೇ ಹೆಚ್ಚು ಕೆಟ್ಟ ಭವಿಷ್ಯವನ್ನು ಸೂಚಿಸುವುದಿಲ್ಲ.

ಸೊಂಟದಲ್ಲಿರುವ ಐದು ಮಣಿಗಳ ಪೈಕಿ ಕೊನೆಯ ಎರಡರ ಮಟ್ಟದಲ್ಲಿ, ಅಂದರೆ ನಾಲ್ಕು ಮತ್ತು ಐದನೆಯ ಮಣಿಗಳ ನಡುವೆ ಹಾಗೂ ಐದನೆಯ ಮಣಿ ಮತ್ತು ಅದರ ಕೆಳಗಿನ ತ್ರಿಕಾಸ್ಥಿಯ ನಡುವೆ, ಈ ತೊಂದರೆಯ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳು ಕಂಡುಬರುತ್ತವೆ. ಮಣಿಗಳ ಹಿಂಬದಿಯುದ್ದಕ್ಕೂ ಇಳಿದುಬರುವ ಗಟ್ಟಿ ಪಟ್ಟಿಯಂಥ ಅಸ್ಥಿಬಂಧವು ಇಲ್ಲಿಗೆ ಬರುವ ಹೊತ್ತಿಗೆ ಕಿರಿದಾಗುವುದರಿಂದ, ತಿರುಳು ನೇರ ಹಿಂದಕ್ಕೆ ಬರುವ ಬದಲು ಎಡಕ್ಕೋ ಬಲಕ್ಕೋ ಓರೆಯಾಗಿ ಹೊರಬೀಳುತ್ತದೆ, ಮತ್ತು ಅಲ್ಲಿಯೇ ಕೆಳಗಿಳಿಯುತ್ತಿರುವ ನರಮೂಲವನ್ನು ತಾಗುತ್ತದೆ. ಆದ್ದರಿಂದಲೇ ನೋವು ಸಾಮಾನ್ಯವಾಗಿ ಒಂದು ಕಾಲಿಗೆ ಸೀಮಿತವಾಗಿರುತ್ತದೆ. ಐದನೆಯ ಸೊಂಟದ ನರಮೂಲ ಸಿಕ್ಕಿಕೊಂಡರೆ ಮೊಣಕಾಲಿನ ಕೆಳಗೆ ಕಾಲಿನ ಹೊರಮೈಯಲ್ಲೂ ಪಾದದ ಮೇಲ್ಭಾಗದಲ್ಲೂ ಜೋಮು ಹಿಡಿದು, ಹೆಬ್ಬೆರಳನ್ನು ಮೇಲಕ್ಕೆತ್ತುವ ಶಕ್ತಿ ಕುಂದುತ್ತದೆ; ಅದರ ಕೆಳಗಿನ ನರಮೂಲವಾದರೆ ಅಂಗಾಲು ಮತ್ತು ಕಿರುಬೆರಳಿನ ಕಡೆ ಮರಗಟ್ಟಿ, ತುದಿಗಾಲಿನಲ್ಲಿ ನಿಲ್ಲಲು ಕಷ್ಟವಾಗುತ್ತದೆ. ಕೆಮ್ಮಿದಾಗ, ಸೀನಿದಾಗ, ಶೌಚದಲ್ಲಿ ಮುಕ್ಕಿದಾಗ ಕಾಲಿನೊಳಗೆ ವಿದ್ಯುತ್ತಿನಂತೆ ನೋವು ಹರಿಯುವುದು ಇದರ ಇನ್ನೊಂದು ಗುರುತು.

ಒತ್ತಡವೊಂದೇ ಈ ನೋವಿಗೆ ಕಾರಣವಾಗಿದ್ದರೆ, ದೊಡ್ಡ ಉಬ್ಬಿಗೆ ದೊಡ್ಡ ನೋವು, ಸಣ್ಣ ಉಬ್ಬಿಗೆ ಸಣ್ಣ ನೋವು ಎಂಬ ಲೆಕ್ಕ ಹೊಂದಬೇಕಿತ್ತು, ಅದು ಹೊಂದುವುದಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಶೆಲ್ ಓಲ್ಮಾರ್ಕರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಂದಿಯ ನರಮೂಲವನ್ನು ಒಂದಿಷ್ಟೂ ಒತ್ತದೆ ಅದರ ಮೇಲೆ ಡಿಸ್ಕಿನ ತಿರುಳನ್ನು ಸವರಿದಷ್ಟಕ್ಕೇ ನರದ ಸಂವಹನ ನಿಧಾನವಾಯಿತು. ಉಂಗುರದೊಳಗೆ ಮುಚ್ಚಿಕೊಂಡಿದ್ದ ತಿರುಳು ಹೊರಗೆ ಬಂದೊಡನೆ ಅದರಲ್ಲಿರುವ ರಾಸಾಯನಿಕಗಳು ನರದ ಸುತ್ತ ಉರಿಯೂತವನ್ನು ಎಬ್ಬಿಸುತ್ತವೆ, ಉರಿಯೂತದಿಂದ ಊದಿದ ನರಕ್ಕೆ ಸಣ್ಣ ಒತ್ತಡವೂ ಸಹಿಸಲಾಗದಂತಾಗುತ್ತದೆ. ಚೂರು ಇದ್ದಲ್ಲೇ ಇದ್ದರೂ ಉರಿಯೂತ ತಣಿದಂತೆ ನೋವು ಇಳಿಯುವುದರ ಗುಟ್ಟು ಇಲ್ಲಿದೆ.

ಭಾರ ಎತ್ತುವವರಿಗೆ ಮಾತ್ರ ಈ ಕಾಯಿಲೆ ಬರುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಎಪಿಎಂಸಿ ಅಂಗಳದಲ್ಲಿ ಮೂಟೆ ಹೊರುವ ಹಮಾಲರು, ದಿನವಿಡೀ ಬಗ್ಗಿ ಭತ್ತದ ನಾಟಿ ಮಾಡುವ ಹೆಂಗಸರು, ಇಂಜಿನ್ನಿನ ನಡುಕವನ್ನು ಆಸನದ ಮೂಲಕ ಬೆನ್ನಿಗೆ ತುಂಬಿಕೊಳ್ಳುವ ಬಸ್ಸು, ಲಾರಿ ಮತ್ತು ಟ್ರ್ಯಾಕ್ಟರ್ ಚಾಲಕರು ಹೆಚ್ಚಿನ ಅಪಾಯದಲ್ಲಿರುವುದು ನಿಜ; ಧೂಮಪಾನ, ಬೊಜ್ಜುಗಳೂ ಇದಕ್ಕೆ ಕೂಡಿಕೊಳ್ಳುತ್ತವೆ. ಆದರೆ ಫಿನ್ಲೆಂಡಿನಲ್ಲಿ ಅವಳಿ ಸೋದರರ ಬೆನ್ನುಗಳನ್ನು ಹೋಲಿಸಿದ ಸಂಶೋಧಕರು, ಒಬ್ಬ ಮೈಮುರಿದು ದುಡಿದಿದ್ದರೂ ಇನ್ನೊಬ್ಬ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ್ದರೂ ಇಬ್ಬರ ಡಿಸ್ಕುಗಳು ಬಹುಮಟ್ಟಿಗೆ ಒಂದೇ ರೀತಿ ಸವೆದಿರುವುದನ್ನು ಕಂಡು, ದುಡಿಮೆಗಿಂತ ವಂಶವಾಹಿಯ ಪಾಲೇ ದೊಡ್ಡದೆಂಬ ನಿರ್ಣಯಕ್ಕೆ ಬಂದರು. ಸೊಸೆ ಕೊಡ ಹೊತ್ತದ್ದರಿಂದಲೇ, ಮಗ ಬೈಕು ಓಡಿಸಿದ್ದರಿಂದಲೇ ಹೀಗಾಯಿತು ಎಂದು ಮನೆಯವರು ಹೊರಿಸುವ ಅಪವಾದಗಳಿಗೆ ಅಷ್ಟೇನೂ ಆಧಾರವಿಲ್ಲ.

ಇನ್ನು ಚಿತ್ರದ ವಿಷಯ. ಕಾಂತೀಯ ಅನುರಣನದಿಂದ ದೇಹದ ಮೃದು ಅಂಗಾಂಶಗಳನ್ನು ಪದರಪದರವಾಗಿ ತೋರಿಸುವ ಎಂಆರ್‌ಐ ಯಂತ್ರವು ಡಿಸ್ಕನ್ನೂ ನರವನ್ನೂ ಸ್ಪಷ್ಟವಾಗಿ ಕಾಣಿಸುತ್ತದೆ. ಕಂಡದ್ದೆಲ್ಲ ರೋಗವೇ ಎಂಬುದನ್ನು ಮಾತ್ರ ಅದು ಹೇಳಲಾರದು. 1994ರಲ್ಲಿ ಅಮೆರಿಕದಲ್ಲಿ ಸೊಂಟನೋವೇ ಇಲ್ಲದ 98 ಜನರನ್ನು ಈ ಯಂತ್ರದಲ್ಲಿ ಪರೀಕ್ಷಿಸಿದಾಗ ಶೇಕಡ 52 ಮಂದಿಯಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು, ಶೇಕಡ 27 ಮಂದಿಯಲ್ಲಿ ಮುಂಚಾಚಿತ್ತು. ನೋವಿಲ್ಲದ 3110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಇಪ್ಪತ್ತರ ವಯಸ್ಸಿನಲ್ಲಿಯೇ ಶೇಕಡ 37 ಮಂದಿಯ ಡಿಸ್ಕುಗಳಲ್ಲಿ ಸವೆತದ ಗುರುತುಗಳಿದ್ದು, ಐವತ್ತಕ್ಕೆ ಅದು ಶೇಕಡ 80, ಎಂಬತ್ತಕ್ಕೆ ಶೇಕಡ 96 ಆಗುತ್ತದೆ. ಹೀಗಿರುವಾಗ ಸೊಂಟ ಹಿಡಿದುಕೊಂಡ ಮಾರನೆಯ ದಿನವೇ ಸಾವಿರಾರು ರೂಪಾಯಿ ಕೊಟ್ಟು ಸ್ಕ್ಯಾನ್ ಮಾಡಿಸಿ, ವರದಿಯಲ್ಲಿ ನಾಲ್ಕು ಕಡೆ ಬಲ್ಜ್ ಎಂದಿರುವುದನ್ನು ಓದಿ ಕಂಗಾಲಾಗುವುದು ರೋಗಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ: ಬೆನ್ನು ಮುರಿದುಹೋಗಿದೆ ಎಂದು ನಂಬಿದವನು ಅಲುಗಾಡಲು ಹೆದರುತ್ತಾನೆ, ಅಲುಗಾಡದ ಸ್ನಾಯು ಸೊರಗುತ್ತದೆ, ಸೊರಗಿದ ಬೆನ್ನು ಇನ್ನಷ್ಟು ನೋಯುತ್ತದೆ.

ಚಿತ್ರಕ್ಕಿಂತ ಮೊದಲು ನೋಡಬೇಕಾದದ್ದು ಕಾಲು. ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚದಂತೆ ಕಾಲನ್ನು ಮೆಲ್ಲನೆ ಎತ್ತಿದಾಗ 30ರಿಂದ 70 ಡಿಗ್ರಿಯೊಳಗೆ ನೋವು ಮೊಣಕಾಲಿನ ಕೆಳಕ್ಕೆ ಹರಿದರೆ ನರಮೂಲ ಕೆರಳಿದೆ ಎಂದು ಅರ್ಥ. ಪ್ಯಾರಿಸ್ಸಿನ ವೈದ್ಯ ಶಾರ್ಲ್ ಲಸೇಗ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಈ ಪರೀಕ್ಷೆಯನ್ನು 1881ರಲ್ಲಿ ಬರಹಕ್ಕಿಳಿಸಿದವನು ಅವರ ಶಿಷ್ಯ. ಇದರ ಜೊತೆಗೆ ಹಿಮ್ಮಡಿಯ ಮೇಲೆ ನಡೆಸುವುದು, ತುದಿಗಾಲಿನ ಮೇಲೆ ನಿಲ್ಲಿಸುವುದು, ಮೊಣಕಾಲು ಮತ್ತು ಹರಡಿನ ಬಳಿ ಸಣ್ಣ ಸುತ್ತಿಗೆಯಿಂದ ತಟ್ಟಿ ಪ್ರತಿವರ್ತನವನ್ನು ನೋಡುವುದು, ಸ್ಪರ್ಶಜ್ಞಾನ ಎಲ್ಲಿ ಕುಂದಿದೆಯೆಂದು ಗುರುತಿಸುವುದು — ಇಷ್ಟು ಹತ್ತು ನಿಮಿಷದ ಕೆಲಸ. ಈ ಪರೀಕ್ಷೆಗಳು ಒಂದು ನರಮೂಲವನ್ನು ತೋರಿಸಿ, ಎಂಆರ್‌ಐ ಕೂಡ ಅದೇ ನರಮೂಲದ ಬಳಿ ಚೂರನ್ನು ತೋರಿಸಿದರೆ ಮಾತ್ರ ಚಿತ್ರಕ್ಕೆ ಬೆಲೆ. ರೋಗಿಯ ಕಾಲನ್ನು ಮುಟ್ಟಿ ನೋಡದೆ ಫಿಲ್ಮನ್ನು ಮಾತ್ರ ಬೆಳಕಿಗೆ ಹಿಡಿದು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ವೈದ್ಯರ ಬಳಿಯಿಂದ ಇನ್ನೊಬ್ಬರ ಅಭಿಪ್ರಾಯಕ್ಕೆ ಹೋಗುವುದು ಲೇಸು.

ಈ ಕಾಯಿಲೆಯ ಬಗ್ಗೆ ಅತಿ ಕಡಿಮೆ ಜನರಿಗೆ ತಿಳಿದಿರುವ ಸಂಗತಿಯೆಂದರೆ, ಹೊರಬಂದ ಚೂರನ್ನು ದೇಹವೇ ಕರಗಿಸಿಕೊಳ್ಳುತ್ತದೆ ಎಂಬುದು. ಡಿಸ್ಕಿನ ತಿರುಳಿಗೆ ರಕ್ತನಾಳಗಳಿಲ್ಲ; ಅದು ಹುಟ್ಟಿನಿಂದ ರಕ್ತದ ಸಂಪರ್ಕದಿಂದ ದೂರವೇ ಉಳಿದಿರುತ್ತದೆ. ಉಂಗುರವನ್ನು ದಾಟಿ ಹೊರಬಂದ ತಿರುಳನ್ನು ರೋಗನಿರೋಧಕ ವ್ಯವಸ್ಥೆಯು ಪರಕೀಯ ವಸ್ತುವೆಂದು ತಿಳಿದು, ಭಕ್ಷಕ ಕೋಶಗಳನ್ನು ಕಳುಹಿಸಿ ತಿಂದುಹಾಕತೊಡಗುತ್ತದೆ. 2015ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆ ತಾನಾಗಿ ಕುಗ್ಗಿದ ಪ್ರಮಾಣವು ಬರಿಯ ಉಬ್ಬಿನಲ್ಲಿ ಶೇಕಡ 13, ಮುಂಚಾಚಿದ ಡಿಸ್ಕಿನಲ್ಲಿ ಶೇಕಡ 41, ಹೊರಬಂದ ತಿರುಳಿನಲ್ಲಿ ಶೇಕಡ 70, ಪೂರ್ತಿ ಕಡಿದುಕೊಂಡ ಚೂರಿನಲ್ಲಿ ಶೇಕಡ 96 ಇತ್ತು. ವರದಿಯಲ್ಲಿ ಅತ್ಯಂತ ಭೀಕರವಾಗಿ ಕಾಣುವುದೇ ಅತ್ಯಂತ ಚೆನ್ನಾಗಿ ಕರಗುತ್ತದೆ ಎಂಬ ಈ ವಿಚಿತ್ರವನ್ನು ವೈದ್ಯರು ರೋಗಿಗೆ ಹೇಳುವುದು ಅಪರೂಪ. ಹೇಳಿದರೆ ಎಷ್ಟೋ ಮನೆಗಳಲ್ಲಿ ನಿದ್ದೆ ಬಂದೀತು. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರಗಳೊಳಗೆ ಹೆಚ್ಚಿನವರ ಕಾಲುನೋವು ಸಹಿಸಬಲ್ಲ ಮಟ್ಟಕ್ಕೆ ಇಳಿಯುತ್ತದೆ.

ಆ ವಾರಗಳನ್ನು ಕಳೆಯುವುದು ಹೇಗೆ? ತಿಂಗಳುಗಟ್ಟಲೆ ಹಲಗೆಯ ಮೇಲೆ ಮಲಗಿರಬೇಕೆಂಬ ಹಳೆಯ ವೈದ್ಯಕೀಯ ಸಲಹೆಯನ್ನು ವೈದ್ಯಶಾಸ್ತ್ರವೇ ಕೈಬಿಟ್ಟಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಕಾಲಿಗಿಳಿಯುವ ನರನೋವಿದ್ದ 183 ಜನರ ಪೈಕಿ ಕೆಲವರನ್ನು ಎರಡು ವಾರ ಮಲಗಿಸಿ, ಉಳಿದವರಿಗೆ ಆದಷ್ಟು ಓಡಾಡಲು ಬಿಟ್ಟು ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು; ಹನ್ನೆರಡು ವಾರಗಳಾದಾಗ ಎರಡೂ ಗುಂಪುಗಳಲ್ಲಿ ಶೇಕಡ 87 ಮಂದಿ ಸುಧಾರಿಸಿದ್ದರು, ಮಲಗಿದವರಿಗೆ ಯಾವ ಹೆಚ್ಚಿನ ಲಾಭವೂ ಆಗಿರಲಿಲ್ಲ. ನೋವು ತೀವ್ರವಾಗಿರುವ ಒಂದೆರಡು ದಿನ ಮಲಗುವುದು ಅನಿವಾರ್ಯವಾದರೆ, ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳುವುದು ಹಿತ. ಹಾಸಿಗೆ ಕಲ್ಲಿನಂತೆ ಗಟ್ಟಿಯಾಗಿರಬೇಕೆಂಬುದೂ ಸರಿಯಲ್ಲ. ದೀರ್ಘಕಾಲದ ಸೊಂಟನೋವಿದ್ದ 313 ಜನರ ಮೇಲೆ ಸ್ಪೇನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧ್ಯಮ ಗಡಸಿನ ಹಾಸಿಗೆಯೇ ಮೇಲಾಗಿ ಕಂಡಿತು.

ದಿನದ ಕೆಲಸಗಳಲ್ಲಿ ಎಚ್ಚರ ಹೆಚ್ಚಾಗಿ ಬೇಕಾದದ್ದು ಬೆಳಗಿನ ಹೊತ್ತು. ರಾತ್ರಿ ಮಲಗಿದಾಗ ಮೇಲಿನ ಭಾರ ಇಳಿಯುವುದರಿಂದ ಡಿಸ್ಕುಗಳು ನೀರನ್ನು ಹೀರಿಕೊಂಡು ಉಬ್ಬುತ್ತವೆ, ಹಗಲಿನಲ್ಲಿ ಆ ನೀರು ಹಿಂಡಿ ಹೋಗುತ್ತದೆ. ಬೆಳಿಗ್ಗೆ ಅಳೆದ ಎತ್ತರ ಸಂಜೆಗೆ ಒಂದು ಸೆಂಟಿಮೀಟರಿಗೂ ಮಿಕ್ಕಿ ಕುಗ್ಗಿರುವುದು ಇದರಿಂದಲೇ. ನೀರು ತುಂಬಿ ಬಿಗಿದ ಡಿಸ್ಕಿನ ಮೇಲೆ ಬಗ್ಗುವಿಕೆಯ ಒತ್ತಡ ಹೆಚ್ಚು ಬೀಳುತ್ತದೆ, ಹಾಗಾಗಿ ಎದ್ದ ಮೊದಲ ಒಂದೆರಡು ಗಂಟೆ ಸೊಂಟ ಬಗ್ಗಿಸದಿರುವುದು ನೋವನ್ನು ಕಡಿಮೆ ಮಾಡುತ್ತದೆಂದು 1998ರ ಒಂದು ಅಧ್ಯಯನ ತೋರಿಸಿದೆ. ಕರ್ನಾಟಕದ ಮನೆಗಳಲ್ಲಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಡಿಸುವುದು, ಕೊಟ್ಟಿಗೆ ಬಳಿಯುವುದು, ಕೊಡ ತುಂಬಿ ತರುವುದು ಮೊದಲಾದ ಬಗ್ಗುವ ಕೆಲಸಗಳೆಲ್ಲ ಬಿದ್ದಿರುವುದು ಸರಿಯಾಗಿ ಇದೇ ಹೊತ್ತಿನ ಮೇಲೆ ಮತ್ತು ಬಹುತೇಕ ಹೆಂಗಸರ ಮೇಲೆ ಎಂಬುದನ್ನು ವೈದ್ಯರ ಸಲಹಾಚೀಟಿಗಳು ಗಮನಿಸುವುದಿಲ್ಲ. ನೋವಿರುವ ತಿಂಗಳುಗಳಲ್ಲಿ ಈ ಕೆಲಸಗಳನ್ನು ಮನೆಯ ಇತರರು ವಹಿಸಿಕೊಳ್ಳುವುದು, ಉದ್ದ ಹಿಡಿಯ ಪೊರಕೆ ಬಳಸುವುದು, ತುಂಬು ಕೊಡದ ಬದಲು ಅರ್ಧ ಕೊಡವನ್ನು ಎರಡು ಸಲ ತರುವುದು ಯಾವ ಮಾತ್ರೆಗೂ ಕಡಿಮೆಯಲ್ಲದ ಚಿಕಿತ್ಸೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಈಳಿಗೆಮಣೆಯಲ್ಲಿ ಹೆಚ್ಚುವುದು, ಕುಕ್ಕರಗಾಲಿನ ಶೌಚ, ಬಗ್ಗಿ ಬಟ್ಟೆ ಒಗೆಯುವುದು ಸೊಂಟವನ್ನು ಮುಂದಕ್ಕೆ ದುಂಡಾಗಿಸುವ ಭಂಗಿಗಳು. ಅವನ್ನು ನೋವು ಇಳಿಯುವವರೆಗೆ ತಪ್ಪಿಸಿದರೆ ಸಾಕು, ಜನ್ಮಪೂರ್ತಿ ಬಿಡಬೇಕಾಗಿಲ್ಲ. ಕಚೇರಿಯವರು ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೇಳಬೇಕು. ಎಲ್ಲರಿಗೂ ಹೊಂದುವ ವ್ಯಾಯಾಮ ನಡಿಗೆ: ಮೊದಲಿಗೆ ಐದೈದು ನಿಮಿಷ, ಕ್ರಮೇಣ ಹೆಚ್ಚು.

ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ರೂಪಿಸಿದ ಪದ್ಧತಿಯಲ್ಲಿ, ಬೋರಲಾಗಿ ಮಲಗಿ ಎದೆಯನ್ನು ಕೈಗಳಿಂದ ಮೇಲೆತ್ತುವಂಥ ಚಲನೆಗಳನ್ನು ಮಾಡಿಸಿ, ಪಾದದಲ್ಲಿದ್ದ ನೋವು ಮೊಣಕಾಲಿಗೆ, ಅಲ್ಲಿಂದ ಪೃಷ್ಠಕ್ಕೆ ಹಿಂದೆ ಸರಿಯುತ್ತದೆಯೇ ಎಂದು ನೋಡಲಾಗುತ್ತದೆ. ಹಾಗೆ ಸರಿದರೆ ಸೊಂಟದಲ್ಲಿ ನೋವು ಕೊಂಚ ಹೆಚ್ಚಿದರೂ ಅದು ಶುಭಲಕ್ಷಣ. ವ್ಯಾಯಾಮದಿಂದ ನೋವು ಇನ್ನೂ ಕೆಳಕ್ಕಿಳಿದರೆ ಆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಬೇಕು. ಯೋಗಾಸನಗಳಿಗೂ ಈ ಅಳತೆಗೋಲೇ ಸಾಕು. ಮಕರಾಸನ, ಭುಜಂಗಾಸನಗಳು ಹಲವರಿಗೆ ಹಿತವೆನಿಸುತ್ತವೆ. ಪಶ್ಚಿಮೋತ್ತಾನಾಸನ, ಪಾದಹಸ್ತಾಸನಗಳಂತೆ ಮುಂದಕ್ಕೆ ಬಗ್ಗುವವುಗಳನ್ನು, ಅವು ಸೂರ್ಯನಮಸ್ಕಾರದ ಭಾಗವಾಗಿದ್ದರೂ, ತೀವ್ರ ನೋವಿನಲ್ಲಿ ಮಾಡಬಾರದು. ಕಟಿಬಸ್ತಿಯಂಥ ಆಯುರ್ವೇದದ ಎಣ್ಣೆ ಚಿಕಿತ್ಸೆಯ ಬಿಸಿಯಿಂದ ಬಿಗಿದ ಸ್ನಾಯು ಸಡಿಲಗೊಂಡು ನೆಮ್ಮದಿ ಸಿಗಬಹುದು. ಆದರೆ ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಳ್ಳುವುದು, ಬೆನ್ನನ್ನು ಲಟಕ್ಕೆನ್ನುವಂತೆ ತಿರುವಿಸಿಕೊಳ್ಳುವುದು ಸ್ನಾಯುವಿನ ಉಳುಕಿಗೆ ಹೇಗೋ ಏನೋ, ಬಿರುಕುಬಿಟ್ಟ ಡಿಸ್ಕಿಗಂತೂ ಅಪಾಯಕಾರಿ. ಕಾಲಿಗೆ ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಇನ್ನೂ ಅನೇಕ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದರೂ ಅದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲವೆಂದೇ ಅಧ್ಯಯನಗಳ ಒಟ್ಟು ತೀರ್ಪು.

ಔಷಧಿಗಳ ಪಾತ್ರ ಜನ ನಿರೀಕ್ಷಿಸುವುದಕ್ಕಿಂತ ಚಿಕ್ಕದು. ಉರಿಯೂತ ಶಮನಕ ಮಾತ್ರೆಗಳು ಮೊದಲ ವಾರಗಳಲ್ಲಿ ಸ್ವಲ್ಪ ನೆರವಾಗುತ್ತವೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು. ನರನೋವಿಗೆಂದು ಧಾರಾಳವಾಗಿ ಬರೆಯಲಾಗುವ ಪ್ರೀಗ್ಯಾಬಲಿನ್ ಎಂಬ ಔಷಧ, 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಈ ಕಾಲುನೋವಿನ ಮಟ್ಟಿಗೆ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಗಿ ಬಂತು. ಬ್ರಿಟನ್ನಿನ ಸರ್ಕಾರಿ ವೈದ್ಯಕೀಯ ಮಾರ್ಗಸೂಚಿ 2020ರಿಂದ ಇದನ್ನು ಈ ನೋವಿಗೆ ಕೊಡಬಾರದೆಂದೇ ಹೇಳುತ್ತದೆ. ನರಮೂಲದ ಬಳಿಗೆ ಸೂಜಿಯಿಂದ ಸ್ಟೆರಾಯ್ಡ್ ಸೇರಿಸುವ ಎಪಿಡ್ಯೂರಲ್ ಚುಚ್ಚುಮದ್ದು ಕೆಲವು ವಾರಗಳ ಬಿಡುವು ಕೊಡಬಲ್ಲದು, ಡಿಸ್ಕನ್ನು ಸರಿಪಡಿಸುವುದಿಲ್ಲ. ಮಧುಮೇಹಿಗಳಲ್ಲಿ ಅದು ಸಕ್ಕರೆಯನ್ನು ಕೆಲವು ದಿನ ಏರಿಸುವುದರಿಂದ ಮೊದಲೇ ತಿಳಿಸಿರಬೇಕು.

ಶಸ್ತ್ರಚಿಕಿತ್ಸೆ ಬೇಡವೆಂಬ ಹಟವೂ ತಪ್ಪು. ನೆದರ್‌ಲ್ಯಾಂಡ್ಸ್‌ನ 283 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರರಿಂದ ಹನ್ನೆರಡು ವಾರ ನೋವುಂಡವರಲ್ಲಿ ಅರ್ಧದಷ್ಟು ಜನರಿಗೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿ, ಉಳಿದವರನ್ನು ಕಾಯಿಸಲಾಯಿತು. ಕಾದವರಲ್ಲಿ ಶೇಕಡ 39 ಮಂದಿಗೆ ನೋವು ತಾಳದೆ ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಯಿತು, ಬೇಗ ಮಾಡಿಸಿಕೊಂಡವರಿಗೆ ನೋವು ಬೇಗ ಹೋಯಿತು, ಆದರೆ ವರ್ಷ ಕಳೆದಾಗ ಎರಡೂ ಗುಂಪುಗಳಲ್ಲಿ ಶೇಕಡ 95 ಮಂದಿ ಚೇತರಿಸಿಕೊಂಡಿದ್ದರು. ಇನ್ನೊಂದೆಡೆ, ನೋವು ನಾಲ್ಕು ತಿಂಗಳು ದಾಟಿಯೂ ಇಳಿಯದವರನ್ನು ಆರಿಸಿಕೊಂಡ ಕೆನಡಾದ ಅಧ್ಯಯನ 2020ರಲ್ಲಿ ಶಸ್ತ್ರಚಿಕಿತ್ಸೆಯ ಪರವಾಗಿ ಸ್ಪಷ್ಟ ಉತ್ತರ ಕೊಟ್ಟಿತು. ಅಂದರೆ ಮೊದಲ ಎರಡು ತಿಂಗಳು ಕಾಯುವುದರಿಂದ ನಷ್ಟವಿಲ್ಲ, ವರ್ಷಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ. ಸೂಕ್ಷ್ಮದರ್ಶಕದ ನೆರವಿನಿಂದ ಸಣ್ಣ ಸೀಳಿನ ಮೂಲಕ ಚೂರನ್ನಷ್ಟೇ ತೆಗೆಯುವ ಮೈಕ್ರೋಡಿಸೆಕ್ಟಮಿ ಇದರ ಪ್ರಮಾಣಿತ ವಿಧಾನ. ರೋಗಿ ಬಹುತೇಕ ಮಾರನೆಯ ದಿನದೊಳಗೆ ಎದ್ದು ನಡೆಯುತ್ತಾನೆ. ಇದು ಕಾಲುನೋವನ್ನು ಕಳೆಯುವಷ್ಟು ಖಚಿತವಾಗಿ ಸೊಂಟನೋವನ್ನು ಕಳೆಯುವುದಿಲ್ಲ, ಮತ್ತು ಕೆಲವರಲ್ಲಿ ಅದೇ ಡಿಸ್ಕ್ ಮತ್ತೆ ಹೊರಬರುವುದುಂಟು ಎಂಬ ಎರಡು ಮಾತುಗಳನ್ನು ಮೊದಲೇ ತಿಳಿದಿರಬೇಕು. ಮೊದಲ ಸಲದ ಸಾಮಾನ್ಯ ಡಿಸ್ಕ್ ತೊಂದರೆಗೆ ಸ್ಕ್ರೂ, ಸರಳು ಹಾಕಿ ಮಣಿಗಳನ್ನು ಬೆಸೆಯುವ ಅಗತ್ಯವಿರುವುದಿಲ್ಲ. ಹಾಗೆ ಸೂಚಿಸಿದಲ್ಲಿ ಕಾರಣ ಕೇಳುವ ಹಕ್ಕು ರೋಗಿಗಿದೆ.

ಕಾಯುವಿಕೆಗೆ ಒಳಪಡದ ಕೆಲವು ಸಂದರ್ಭಗಳಿವೆ. ಸಂಜೆಯ ಜ್ವರ, ತೂಕ ಇಳಿತ, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ, ಅದು ಡಿಸ್ಕಿನದಲ್ಲದೆ ಬೆನ್ನುಮೂಳೆಯ ಕ್ಷಯವೋ ಕ್ಯಾನ್ಸರೋ ಆಗಿರಬಹುದು. ಕ್ಷಯ ಇನ್ನೂ ವ್ಯಾಪಕವಾಗಿರುವ ಭಾರತದಲ್ಲಿ ಇದನ್ನು ಮರೆಯುವಂತಿಲ್ಲ. ನಡೆಯುವಾಗ ಪಾದ ಜೋತುಬಿದ್ದು ಚಪ್ಪಲಿ ಕಳಚತೊಡಗಿದರೆ ದಿನಗಳೊಳಗೆ ತಜ್ಞರನ್ನು ಕಾಣಬೇಕು. ಎಲ್ಲಕ್ಕಿಂತ ಗಂಭೀರವಾದದ್ದು, ದೊಡ್ಡ ಚೂರೊಂದು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲನ್ನೇ ಅದುಮುವ ಸ್ಥಿತಿ. ಎರಡೂ ಕಾಲುಗಳಿಗೆ ನೋವು ಅಥವಾ ಬಲಹೀನತೆ, ಮೂತ್ರ ಕಟ್ಟುವುದು ಅಥವಾ ಹೋದದ್ದೇ ತಿಳಿಯದಿರುವುದು, ಮಲದ ಹಿಡಿತ ತಪ್ಪುವುದು, ಗುದ ಮತ್ತು ಜನನಾಂಗಗಳ ಸುತ್ತ ಮರಗಟ್ಟುವುದು ಇದರ ಚಿಹ್ನೆಗಳು. ಇದು ಅಪರೂಪ, ಆದರೆ ತಡವಾದರೆ ಮೂತ್ರದ ಮೇಲಿನ ಹಿಡಿತ ಮರಳಿ ಬರದಿರಬಹುದು. ಈ ಭಾಗಗಳ ಬಗ್ಗೆ ಮಾತನಾಡಲು ಸಂಕೋಚಪಟ್ಟು ಅನೇಕರು, ಮುಖ್ಯವಾಗಿ ಹೆಂಗಸರು, ಬೆಳಗಾಗಲೆಂದೋ ಸೋಮವಾರ ಬರಲೆಂದೋ ಕಾಯುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಕಾಯದೆ, ಅದು ನಡುರಾತ್ರಿಯಾದರೂ ಸರಿ, ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಆಗುತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.